ಬಾಳೆದಿಂಡೂ ಮೈಬಣ್ಣವೂ

ಹೆಚ್ಚಿದ ಬಾಳೆದಿಂಡನ್ನು ಮಜ್ಜಿಗೆನೀರಿಗೆ ಹಾಕದಿದ್ದರೆ ಕಪ್ಪಾಗುತ್ತದೆಂಬುದು ನಮ್ಮ ಯಾವ ಅಡುಗೆಮನೆಗೂ ಹೊಸ ಸಂಗತಿಯಲ್ಲ. ದಿಂಡಿನಲ್ಲಿ ತಾಮ್ರದ ಅಂಶವುಳ್ಳ ಕಿಣ್ವವೊಂದಿದೆ. ಗಾಳಿ ಸೋಕಿದೊಡನೆ ಅದು ಕೆಲಸಕ್ಕೆ ತೊಡಗಿ ಕಂದುಬಣ್ಣವನ್ನು ಹುಟ್ಟಿಸುತ್ತದೆ. ಹುಳಿ ಬಿದ್ದರೆ ಅದರ ಕೈ ಸೋಲುತ್ತದೆ. ಇದೇ ಕಿಣ್ವದ ದಾಯಾದಿಯೊಂದು ನಮ್ಮೆಲ್ಲರ ಚರ್ಮದಲ್ಲೂ ಇದೆ. ಹೆಸರು ಟೈರೋಸಿನೇಸ್. ಮೆಲನಿನ್ ಎಂಬ ಕಪ್ಪುವರ್ಣ ಸಿದ್ಧವಾಗುವುದು ಅದರಿಂದಲೇ.

ಹಾಗಾದರೆ ದಿಂಡಿಗೆ ಮಾಡಿದ ಉಪಾಯವನ್ನು ಮುಖಕ್ಕೇಕೆ ಮಾಡಬಾರದು? ಕ್ರೀಮು ತಯಾರಿಸುವವರು ಹಿಡಿದಿರುವುದು ಈ ದಾರಿಯನ್ನೇ. ಜ್ಯೇಷ್ಠಮಧುವಿನ ಬೇರಿನ ಗ್ಲಾಬ್ರಿಡಿನ್, ನಮ್ಮ ರೇಷ್ಮೆಹುಳು ಮೇಯುವ ಹಿಪ್ಪುನೇರಳೆಯ ಸಾರ, ಶೀತದೇಶದ ಬೇರ್‌ಬೆರಿ ಎಲೆಯ ಆರ್ಬುಟಿನ್ ಇವೆಲ್ಲ ಟೈರೋಸಿನೇಸನ್ನು ತಡೆಯುತ್ತವೆ. ನೆಲ್ಲಿಕಾಯಿಯ ಸಿ ಜೀವಸತ್ವ, ಅರಿಸಿನದ ಕರ್ಕ್ಯುಮಿನ್ ಉತ್ಕರ್ಷಣವನ್ನು ತಡೆಯುವಂಥವು. ಬಿಸಿಲು ಚರ್ಮದಲ್ಲಿ ಎಬ್ಬಿಸುವ ಪುಂಡ ಆಮ್ಲಜನಕವನ್ನು ತಣ್ಣಗಾಗಿಸುತ್ತವೆ.

ಇಷ್ಟೆಲ್ಲ ನಿಜ. ಆದರೆ ಪ್ರಯೋಗಶಾಲೆಯ ಗಾಜಿನ ತಟ್ಟೆಯೇ ಬೇರೆ, ಮುಖದ ಚರ್ಮವೇ ಬೇರೆ. ಸಿ ಜೀವಸತ್ವ ಗಾಳಿಬೆಳಕಿಗೆ ಬೇಗ ಕೆಡುತ್ತದೆ. ಕರ್ಕ್ಯುಮಿನ್ ಚರ್ಮದ ಹೊರಪದರವನ್ನು ದಾಟುವುದು ಬಲು ಕಡಿಮೆ. ದಾಟಿದ ಸಾರವೂ ಬಿಸಿಲಿಗೆ ಏರಿದ ಕಪ್ಪನ್ನು, ಕೆನ್ನೆಯ ಬಂಗನ್ನು ಒಂದಿಷ್ಟು ತಿಳಿಗೊಳಿಸೀತು; ಹುಟ್ಟುಬಣ್ಣವನ್ನಲ್ಲ. ವರ್ಣ ತಯಾರಿಸುವ ಕೋಶಗಳ ಸಂಖ್ಯೆ ಬಿಳಿಯರಲ್ಲೂ ಕರಿಯರಲ್ಲೂ ಹೆಚ್ಚುಕಡಿಮೆ ಒಂದೇ. ಅವು ಎಷ್ಟು, ಎಂಥ ಮೆಲನಿನ್ ಮಾಡಬೇಕೆಂಬುದು ತಂದೆತಾಯಿಯರಿಂದ ಬಂದದ್ದು. ಆ ಮೆಲನಿನ್ ಕೊಳೆಯಲ್ಲ, ಕೊಡೆ. ಬಿಸಿಲಿನ ನೇರಳಾತೀತ ಕಿರಣಗಳಿಂದ ಜೀವಕೋಶಗಳನ್ನು ಕಾಯುತ್ತದೆ.

ನಮ್ಮ ಕ್ವಾರ್ಟರ್ಸಿನ ಹುಡುಗಿಯೊಬ್ಬಳಿಗೆ ಇದನ್ನು ಯಾರೂ ಹೇಳಿರಲಿಲ್ಲ. ನೋಡಲು ಬಂದ ಗಂಡಿನ ಕಡೆಯವರು, “ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಮಾತ್ರ ಸ್ವಲ್ಪ...” ಎಂದು ಅರ್ಧಕ್ಕೆ ನುಂಗಿದ ಮಾತು ಅವಳ ಕಿವಿಗೆ ಬಿದ್ದಿತ್ತು. ಗಿಡದ್ದಲ್ಲವೆ, ಏನು ಕೆಟ್ಟೀತು ಎಂದು ದಿನವೂ ಮುಖಕ್ಕೆ ನಿಂಬೆರಸ ಬಳಿದುಕೊಂಡು ಮೇ ತಿಂಗಳ ಬಿಸಿಲಿನಲ್ಲಿ ಬಸ್ಸಿಗೆ ಕಾದಳು. ನಿಂಬೆಜಾತಿಯ ಹಣ್ಣುಗಳಲ್ಲಿ, ಬಿಸಿಲು ತಾಗಿದರೆ ಚರ್ಮವನ್ನು ಸುಡುವ ದ್ರವ್ಯಗಳಿರುತ್ತವೆ. ಕೆನ್ನೆಯಲ್ಲಿ ಗುಳ್ಳೆಗಳೆದ್ದವು, ಒಣಗಿದ ಮೇಲೆ ಮೊದಲಿಗಿಂತ ಕಪ್ಪಾದ ಕಲೆಗಳುಳಿದವು. ಅವು ಮಾಯಲು ತಿಂಗಳುಗಳೇ ಹಿಡಿದವು. ಅಷ್ಟು ದಿನವೂ ಅವಳು ಸಂಘದ ಯಾವ ಕಾರ್ಯಕ್ರಮಕ್ಕೂ ಬರಲಿಲ್ಲ. ನಮ್ಮಲ್ಲಿ ಭಾವಗೀತೆ ಹಾಡುತ್ತಿದ್ದವಳು ಅವಳೇ.

ಇದಕ್ಕಿಂತ ಕೆಟ್ಟದ್ದೂ ಉಂಟು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ, ಬಿಳುಪಿಗೆಂದು ಕ್ರೀಮು ಹಚ್ಚಿಕೊಂಡವರಲ್ಲಿ ಮೂತ್ರಪಿಂಡದ ಕಾಯಿಲೆ ಕಾಣಿಸಿಕೊಂಡಿತು. ಕ್ರೀಮಿನಲ್ಲಿದ್ದದ್ದು ಪಾದರಸ.

1975ರಲ್ಲಿ ಬಂದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ‘ಫೇರ್’ ಪದವನ್ನು ಕೈಬಿಟ್ಟು ‘ಗ್ಲೋ ಅಂಡ್ ಲವ್ಲಿ’ ಆಯಿತು. ವ್ಯಾಪಾರಿಗಳೇ ಅಷ್ಟು ಬದಲಾಗಿರುವಾಗ ನಮ್ಮ ವಧೂವರರ ಮಾಹಿತಿಪತ್ರದಲ್ಲಿ ‘ಮೈಬಣ್ಣ’ ಎಂಬ ಕಾಲಂ ಇನ್ನೂ ಏಕಿರಬೇಕು? ಓದು, ಎತ್ತರ, ನಕ್ಷತ್ರ ಬೇಕಾದರೆ ಇರಲಿ. ಆ ಒಂದು ಸಾಲನ್ನು ಹೊಡೆದುಹಾಕಲು ಕಾರ್ಯಕಾರಿ ಸಮಿತಿಯ ಒಂದು ಠರಾವು ಸಾಕು. ಕಡತಗಳ ನಡುವೆ ಬಾಳುವ ನಮಗೆ ಇಷ್ಟು ಗೊತ್ತು: ನಮೂನೆಯಲ್ಲಿ ಕಾಲಂ ಇರುವವರೆಗೆ ಜನ ಅದನ್ನು ತುಂಬುತ್ತಲೇ ಇರುತ್ತಾರೆ.