ಚಕ್ರದ ಆಯ್ಕೆ

ಚಕ್ರವೆಂದರೆ ನಮ್ಮ ಜನಕ್ಕೆ ಹಿಂದಿನಿಂದಲೂ ಗೌರವ. ವಿಷ್ಣುವಿನ ಕೈಯಲ್ಲಿ ಚಕ್ರವಿದೆ; ರಾಷ್ಟ್ರಧ್ವಜದ ನಡುವೆ ೨೪ ಅರೆಗಳ ಚಕ್ರವಿದೆ; ಕಾಲವನ್ನೂ ಸಂಸಾರವನ್ನೂ ನಾವು ಚಕ್ರವೆಂದೇ ಕರೆದಿದ್ದೇವೆ. ಆದರೆ ಇವುಗಳಲ್ಲಿ ಯಾವುದರ ಅಳತೆಯನ್ನೂ ಯಾರೂ ಕೇಳುವುದಿಲ್ಲ. ಅಳತೆ ಕೇಳಿ, ಬೆಲೆ ಕೊಟ್ಟು, ಮನೆಗೆ ತರಬೇಕಾದ ಚಕ್ರವೊಂದುಂಟು. ಅದು ಕಾರಿನ ಚಕ್ರ. ಅದರ ವಿಚಾರವಾಗಿ ನಮ್ಮ ಮನೆಯಲ್ಲಿ ಹದಿನೈದು ದಿನ ನಡೆದ ಚರ್ಚೆಯಿಂದ ನಾನು ಕಲಿತದ್ದನ್ನು ಇಲ್ಲಿ ನಿವೇದಿಸುತ್ತೇನೆ.

ನಮ್ಮದು ತೀರ್ಥಹಳ್ಳಿಯ ಕಡೆ. ನನ್ನ ದೊಡ್ಡಣ್ಣ ಹದಿನೈದು ವರ್ಷ ಬೇರೆಯವರ ಕಾರುಗಳನ್ನು ಓಡಿಸಿದವನು. ಕಳೆದ ವರ್ಷ ಅವನು ತನ್ನದೇ ಎನ್ನಬಹುದಾದ ಒಂದು ಕಾರನ್ನು ಕೊಂಡ. ಒಬ್ಬರು ಬಳಸಿದ ವಿದ್ಯುತ್ ಕಾರು ಅದು. ಅಪ್ಪಯ್ಯನಿಗೆ ಬೆನ್ನುಹುರಿಯ ಶಸ್ತ್ರಚಿಕಿತ್ಸೆಯಾಗಿದೆ. ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಿ ಬರಬೇಕು. ಹೋಗಿ ಬರಲು ಸುಮಾರು ೧೭೦ ಕಿಲೋಮೀಟರು. ದಾರಿಯಲ್ಲಿ ನಿಲ್ಲದೆ, ಮತ್ತೆ ಚಾರ್ಜು ಮಾಡದೆ, ಕತ್ತಲೆಯೊಳಗೆ ಮನೆ ಸೇರಬೇಕೆಂಬುದು ನಮ್ಮ ಲೆಕ್ಕ.

ಮಳೆಗಾಲ ಹತ್ತಿರ ಬಂದಾಗ ಟೈರುಗಳು ಸವೆದಿದ್ದುದು ಕಂಡಿತು. ಟೈರಿನ ಗೀರುಗಳ ನಡುವೆ ಅಲ್ಲಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಗೀರಿನ ಆಳ ೧.೬ ಮಿಲಿಮೀಟರಿಗೆ ಇಳಿದಾಗ ಈ ಉಬ್ಬುಗಳು ಮೇಲ್ಮಟ್ಟಕ್ಕೆ ಬಂದು ಕಾಣಿಸಿಕೊಳ್ಳುತ್ತವೆ. ವಿದ್ಯುತ್ ಕಾರಿನಲ್ಲಿ ಇದು ಬೇಗನೆ ಆಗುವುದು ಸಹಜ. ಬ್ಯಾಟರಿಯ ಕಾರಣದಿಂದ ಅದರ ತೂಕ ಹೆಚ್ಚು. ಕಾಲಿಟ್ಟ ಕ್ಷಣದಲ್ಲೇ ಮೋಟಾರು ತನ್ನ ಪೂರ್ಣ ಬಲದಿಂದ ಚಕ್ರವನ್ನು ತಿರುಗಿಸುತ್ತದೆ. ಇಳಿಜಾರಿನಲ್ಲಿ ಅದೇ ಮೋಟಾರು ಬ್ರೇಕಿನಂತೆ ಹಿಡಿದು ಬ್ಯಾಟರಿಗೆ ಒಂದಿಷ್ಟು ವಿದ್ಯುತ್ತನ್ನು ಹಿಂದಿರುಗಿಸುತ್ತದೆ. ಎಳೆತ, ಹಿಡಿತ ಎರಡನ್ನೂ ತಾಳುವುದು ನೆಲಕ್ಕೆ ತಾಗಿದ ಅಂಗೈಯಗಲದ ರಬ್ಬರು.

ಟೈರನ್ನು ಹೇಗೂ ಬದಲಿಸುತ್ತೇವೆ, ರಿಮ್ಮನ್ನೂ ಬದಲಿಸಿಬಿಡೋಣ ಎಂದ ಅಣ್ಣ. ಕಾರಿನಲ್ಲಿದ್ದುದು ೧೬ ಅಂಗುಲದ ಉಕ್ಕಿನ ರಿಮ್ಮು. ಅಂಗಡಿಯಲ್ಲಿ ಅವನ ಕಣ್ಣಿಗೆ ಬಿದ್ದುದು ೧೮ ಅಂಗುಲದ ಅಲಾಯ್. ಕಪ್ಪು ಬಣ್ಣ, ಕತ್ತಿಯಂಥ ಐದು ಕಡ್ಡಿಗಳು. ನಿಜವಾಗಿಯೂ ಚೆಲುವಾಗಿತ್ತು. "ನೀನು ಕಲಾ ವಿಭಾಗದವನಲ್ಲವೇನೋ, ನೀನೇ ಹೇಳು" ಎಂದ. ಹದಿನೈದು ವರ್ಷ ಇತರರ ಕಾರನ್ನು ಒರೆಸಿದವನಿಗೆ ತನ್ನ ಕಾರು ನಾಲ್ಕು ಜನ ತಿರುಗಿ ನೋಡುವಂತಿರಬೇಕೆಂಬ ಆಸೆ ಇದ್ದರೆ ಅದನ್ನು ಡಂಭವೆನ್ನಲು ನನಗೆ ಬಾಯಿ ಬರಲಿಲ್ಲ. ಒಂದು ದಿನದ ಅವಕಾಶ ಕೇಳಿ, ಕಾಗದ ಪೆನ್ಸಿಲು ಹಿಡಿದು ಕುಳಿತೆ.

ಟೈರಿನ ಮಗ್ಗುಲಲ್ಲಿ ಬರೆದಿರುವುದು ಮೊದಲ ನೋಟಕ್ಕೆ ಬೀಜಾಕ್ಷರದಂತೆ ಕಂಡರೂ ಬಹು ಸರಳವಾದ ಭಾಷೆ. ನಮ್ಮ ಹಳೆಯ ಟೈರು ೨೧೫/೬೦ ಆರ್ ೧೬. ಅಗಲ ೨೧೫ ಮಿಲಿಮೀಟರು. ಮಗ್ಗುಲಿನ ಎತ್ತರ ಅದರ ನೂರಕ್ಕೆ ೬೦ ಪಾಲು, ಅಂದರೆ ೧೨೯ ಮಿಲಿಮೀಟರು. ಆರ್ ಎಂದರೆ ರೇಡಿಯಲ್. ೧೬ ಎಂಬುದು ರಿಮ್ಮಿನ ಅಂಗುಲ. ಅಂಗಡಿಯವರು ಸೂಚಿಸಿದ್ದು ೨೨೫/೪೫ ಆರ್ ೧೮. ಇಡೀ ಚಕ್ರದ ಅಡ್ಡಳತೆ ಮೊದಲಿನದು ೬೬೪, ಹೊಸದು ೬೬೦ ಮಿಲಿಮೀಟರು. ವ್ಯತ್ಯಾಸ ನೂರಕ್ಕೆ ಒಂದೂ ಇಲ್ಲ. ವೇಗದ ಮುಳ್ಳೂ ಹೆಚ್ಚು ಸುಳ್ಳು ಹೇಳುವುದಿಲ್ಲ. ಅಂಗಡಿಯವರ ಮಾತು ಅಷ್ಟರಮಟ್ಟಿಗೆ ಸರಿಯೇ.

ಆದರೆ ಮಗ್ಗುಲಿನ ಎತ್ತರ ೧೨೯ರಿಂದ ೧೦೧ಕ್ಕೆ ಇಳಿಯಿತು. ರಸ್ತೆಯ ಗುಂಡಿಗೂ ಒಳಗೆ ಕುಳಿತವರ ಬೆನ್ನಿಗೂ ನಡುವೆ ಇರುವ ಗಾಳಿಯ ದಿಂಬಿನಲ್ಲಿ ಒಂದು ಅಂಗುಲಕ್ಕೂ ಮಿಕ್ಕಿ ಕಡಿಮೆಯಾಯಿತು. ಎರಡನೆಯದು ಹೊರೆಯ ಲೆಕ್ಕ. ಅಳತೆಯ ಮುಂದೆ ಇನ್ನೊಂದು ಅಂಕಿ ಇರುತ್ತದೆ. ನಮ್ಮ ಟೈರಿನಲ್ಲಿ ಅದು ೯೫. ಒಂದು ಟೈರು ೬೯೦ ಕಿಲೋ ಹೊರಬಲ್ಲದೆಂದು ಅರ್ಥ. ಅಂಗಡಿಯಲ್ಲಿದ್ದ ೧೮ ಅಂಗುಲದ ಟೈರಿನಲ್ಲಿ ಇದ್ದುದು ೯೧. ಅಂದರೆ ೬೧೫ ಕಿಲೋ. ಒಂದೊಂದು ಚಕ್ರಕ್ಕೆ ಒಂದೂವರೆ ಮೂಟೆ ಅಕ್ಕಿಯಷ್ಟು ಬಲ ಕಡಿಮೆ! ಅದೇ ಅಳತೆಯಲ್ಲಿ ಹೆಚ್ಚು ಹೊರೆಯ ಟೈರು ಸಿಗುವುದುಂಟು, ಕೇಳಿ ತರಿಸಬೇಕು. ಭಾರವಾದ ವಿದ್ಯುತ್ ಕಾರಿಗೆ ಈ ಅಂಕಿಯನ್ನು ತಗ್ಗಿಸುವುದು ಸಲ್ಲದು.

ಮೂರನೆಯದು ದಾರಿಯ ಲೆಕ್ಕ. ಅಮೆರಿಕದಲ್ಲಿ ೨೦೨೨ರ ಟೆಸ್ಲಾ ಮಾಡೆಲ್ ಎಸ್ ಪ್ಲೇಡ್ ಕಾರಿಗೆ ಸರ್ಕಾರದ ಪರಿಸರ ಸಂಸ್ಥೆ ಎರಡು ಅಂಕಿಗಳನ್ನು ಪ್ರಕಟಿಸಿತು. ೧೯ ಅಂಗುಲದ ಚಕ್ರದಲ್ಲಿ ೩೯೬ ಮೈಲಿ; ೨೧ ಅಂಗುಲದ ಚಕ್ರದಲ್ಲಿ ೩೪೮ ಮೈಲಿ. ಕಾರು ಅದೇ, ಬ್ಯಾಟರಿ ಅದೇ. ಚಕ್ರ ಬದಲಾದುದರಿಂದ ನೂರಕ್ಕೆ ಹನ್ನೆರಡು ಪಾಲು ದಾರಿ ಕಡಿಮೆಯಾಯಿತು. ಅಗಲವಾದ ಟೈರು ಉರುಳಲು ಹೆಚ್ಚು ಶಕ್ತಿ ಬೇಡುತ್ತದೆ. ತೆರೆದ ಕಡ್ಡಿಗಳು ಗಾಳಿಯನ್ನು ಕದಡುತ್ತವೆ. ಭಾರವಾದ ರಿಮ್ಮನ್ನು ಪ್ರತಿ ಸಲ ತಿರುಗಿಸಲು ಬ್ಯಾಟರಿಯೇ ತೆರಬೇಕು. ಪೆಟ್ರೋಲು ಕಾರಿಗೂ ಈ ನಷ್ಟವಿದೆ. ಆದರೆ ದಾರಿಯಲ್ಲಿ ಬಂಕು ಸಿಗುತ್ತದೆ. ಸಂಜೆಯ ಮಳೆಯಲ್ಲಿ ಘಾಟಿ ಹತ್ತುವ ವಿದ್ಯುತ್ ಕಾರಿಗೆ ಕೊನೆಯ ಇಪ್ಪತ್ತು ಕಿಲೋಮೀಟರೇ ಪ್ರಾಣ.

ರಾತ್ರಿ ಊಟವಾದ ಮೇಲೆ ಇದನ್ನೆಲ್ಲ ಓದಿ ಹೇಳಿದೆ. ಅಣ್ಣ ಮಾತಾಡಲಿಲ್ಲ. ಅಪ್ಪಯ್ಯ ಮಾತ್ರ, "ಅವನ ಆಸೆ, ಹಾಕಿಸಿಕೊಳ್ಳಲಿ ಬಿಡು. ನನ್ನ ಬೆನ್ನನ್ನು ಲೆಕ್ಕಕ್ಕೆ ಹಿಡಿಯಬೇಡ" ಎಂದರು. ಕುರ್ಚಿಯಿಂದ ಏಳುವಾಗ ಅವರು ಮೇಜನ್ನು ಹಿಡಿದುಕೊಂಡುದನ್ನು ನಾವಿಬ್ಬರೂ ನೋಡಿದೆವು. ಬಾಗಿಲ ಹತ್ತಿರ ನಿಂತು ಇನ್ನೊಂದು ಮಾತು ಹೇಳಿದರು: "ಹಿಂದೆ ಗಾಡಿಯ ಚಕ್ರ ಮಾಡುವ ಆಚಾರಿ ಮೊದಲು ಎರಡೇ ಮಾತು ಕೇಳುತ್ತಿದ್ದ. ಯಾವ ದಾರಿ? ಎಷ್ಟು ಹೊರೆ? ಆಮೇಲೆ ಮರ ಮುಟ್ಟುತ್ತಿದ್ದ."

ಮರುದಿನ ಅಂಗಡಿಯಲ್ಲಿ ಅಣ್ಣ ಕೇಳಿದ ಮೊದಲ ಪ್ರಶ್ನೆ, "ಹದಿನಾರರಲ್ಲಿ ಹಗುರವಾದ ಅಲಾಯ್ ಇದೆಯಾ? ತೂಗಿ ತೋರಿಸಿ" ಎಂದು. ಅದೂ ಇತ್ತು. ಅಷ್ಟು ಬೆಡಗಿನದಲ್ಲ, ಕಡ್ಡಿಗಳ ನಡುವೆ ಬಯಲು ಕಡಿಮೆ, ಬಣ್ಣ ಬೂದು. ಬೋಲ್ಟುಗಳ ವೃತ್ತ, ನಡುವಿನ ರಂಧ್ರ, ರಿಮ್ಮು ಒಳಕ್ಕೋ ಹೊರಕ್ಕೋ ಕೂರುವ ಅಂತರ, ಇವು ಮೂಲದೊಡನೆ ಹೊಂದುವುವೆ ಎಂದು ನೋಡಿಕೊಂಡೆವು. ಟೈರು ಮೊದಲಿನ ಅಳತೆಯದೇ, ಅದೇ ೯೫ರ ಹೊರೆಯದು. ಸುಲಭವಾಗಿ ಉರುಳುವ ಗುಣಕ್ಕೂ ಒದ್ದೆ ರಸ್ತೆಯ ಹಿಡಿತಕ್ಕೂ ಹಳೆಯ ವೈರ. ರಬ್ಬರಿಗೆ ಸಿಲಿಕ ಬೆರೆಸುವ ವಿಧಾನ ಬಂದ ಮೇಲೆ ಆ ವೈರ ತಗ್ಗಿದೆ. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ಆಗುಂಬೆಯ ಹದಿನಾಲ್ಕು ತಿರುವುಗಳನ್ನು ನೆನೆದು ಹಿಡಿತವನ್ನೇ ಆರಿಸಬೇಕೆಂದ ಅಣ್ಣ. ಅವನಿಗೆ ಆ ರಸ್ತೆಯ ಪರಿಚಯ ನನ್ನ ಪೆನ್ಸಿಲಿಗಿಂತ ಹೆಚ್ಚು. ಟೈರಿನ ಮೇಲಿನ ನಾಲ್ಕು ಅಂಕಿಗಳಿಂದ ಅದು ಹುಟ್ಟಿದ ವಾರವನ್ನೂ ವರ್ಷವನ್ನೂ ಓದಿ, ಹಳೆಯ ದಾಸ್ತಾನಲ್ಲವೆಂದು ಖಚಿತಪಡಿಸಿಕೊಂಡೆವು.

ವಿದ್ಯುತ್ ಕಾರಿಗೂ ಟೈರಿಗೂ ಇರುವ ನಂಟು ಹೊಸತಲ್ಲ. ೧೮೯೯ರ ಏಪ್ರಿಲ್ ೨೯ರಂದು ಪ್ಯಾರಿಸ್ಸಿನ ಹತ್ತಿರ ಕಮೀಯ್ ಜೆನಾಟ್ಸಿ ಎಂಬ ಬೆಲ್ಜಿಯಮ್ಮಿನವನು ಮಿಷೆಲಿನ್ ಟೈರು ತೊಡಿಸಿದ ವಿದ್ಯುತ್ ಕಾರಿನಲ್ಲಿ ಗಂಟೆಗೆ ನೂರು ಕಿಲೋಮೀಟರಿನ ಮೇರೆಯನ್ನು ದಾಟಿದ. ಆ ಕಾರಿನ ಹೆಸರಿನ ಅರ್ಥ 'ಎಂದೂ ತೃಪ್ತಿಯಿಲ್ಲದವಳು'. ಟೈರಿನ ಅಂಗಡಿಯಲ್ಲಿ ನಿಂತ ಯಾವ ಗಿರಾಕಿಗಾದರೂ ಒಪ್ಪುವ ಹೆಸರು!

ಚೆಲುವನ್ನು ಬಿಟ್ಟುಕೊಟ್ಟೆವೆಂದು ಮಿತ್ರರು ಮರುಗುವುದು ಬೇಡ. ಹೊರಗೆ ನಿಂತು ನೋಡುವವರಿಗೆ ಚಕ್ರದ ಚೆಲುವು ಕಡ್ಡಿಯಲ್ಲಿದೆ; ಒಳಗೆ ಕುಳಿತವರಿಗೆ ಅದು ಕಾಣಿಸುವುದೇ ಇಲ್ಲ. ಕಳೆದ ತಿಂಗಳು ಮಣಿಪಾಲದಿಂದ ಬರುವಾಗ ಸೋಮೇಶ್ವರ ದಾಟುವ ಮೊದಲೇ ಅಪ್ಪಯ್ಯನಿಗೆ ನಿದ್ದೆ ಹತ್ತಿತ್ತು. ಘಾಟಿ ಹತ್ತಿ ಆಗುಂಬೆ ಕಳೆದರೂ ಎಚ್ಚರವಾಗಲಿಲ್ಲ. ಅಣ್ಣ ಕನ್ನಡಿಯಲ್ಲಿ ಎರಡು ಸಲ ಅವರನ್ನು ನೋಡಿದ. ಏನೂ ಹೇಳದೆ ರೇಡಿಯೋವನ್ನು ಆರಿಸಿದ.