ಬಣ್ಣ ಹೋಯಿತು, ಸಿಒಡಿ ಹೋಗಲಿಲ್ಲ

ದೊಡ್ಡಬಳ್ಳಾಪುರದ ಕಡೆ ನೂಲಿಗೆ ಬಣ್ಣ ಹಾಕುವ ಘಟಕವೊಂದರಲ್ಲಿ ಇಟಿಪಿ, ಅಂದರೆ ಕೊಳಕು ನೀರು ಶುದ್ಧಿ ಮಾಡುವ ಸ್ಥಾವರ, ನೋಡಿಕೊಳ್ಳುತ್ತಿದ್ದೆ. ಕಡುನೀಲಿ ನೀರು ಏರೇಶನ್ ಟ್ಯಾಂಕ್ ದಾಟಿದರೂ ನೀಲಿಯಾಗಿಯೇ ಹೊರಬರುತ್ತಿತ್ತು. ಅಜೋ ಬಣ್ಣಗಳನ್ನು ಅಲ್ಲಿನ ಬ್ಯಾಕ್ಟೀರಿಯಾ ಮೂಸಿಯೂ ನೋಡುವುದಿಲ್ಲ. ಹಾಗಿದ್ದರೆ ಮೊದಲೇ ಫೆಂಟನ್ ಸಂಸ್ಕರಣೆ ಕೊಡೋಣ ಎಂದವನು ನಾನೇ.

ಪಿಎಚ್ 3ಕ್ಕೆ ಇಳಿಸಿದ ನೀರಿಗೆ ಫೆರಸ್ ಸಲ್ಫೇಟ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ, ಓಜೋನನ್ನೂ ಮೀರಿಸುವ ಹೈಡ್ರಾಕ್ಸಿಲ್ ರಾಡಿಕಲ್ ಹುಟ್ಟುತ್ತದೆ. 1894ರಲ್ಲಿ ರಸಾಯನಶಾಸ್ತ್ರಜ್ಞ ಫೆಂಟನ್ ಈ ಮಿಶ್ರಣವನ್ನು ವರದಿ ಮಾಡಿದ್ದು ಟಾರ್ಟಾರಿಕ್ ಆಮ್ಲದ ವಿಷಯಕ್ಕೆ; ಕೊಳಕು ನೀರಿಗೂ ಅವರ ಪ್ರಯೋಗಕ್ಕೂ ಸಂಬಂಧವಿರಲಿಲ್ಲ.

ಬೀಕರಿನಲ್ಲಿ ನೀಲಿ ಮಂಕಾಯಿತು, ಕಂದಾಯಿತು, ನೋಡನೋಡುತ್ತಿದ್ದಂತೆ ತಿಳಿಹಳದಿಗೆ ಬಂತು. ಮಾಲೀಕರು ಫೋಟೊ ತೆಗೆದುಕೊಂಡರು. ನಾನೂ ಬೀಗಿದೆ. ಆದರೆ ಹೋದದ್ದು ಬಣ್ಣ ಕೊಡುವ ನೈಟ್ರೋಜನ್ ಜೋಡಿಯ ಬಂಧ ಮಾತ್ರ. ಮುರಿದ ಅಣುವಿನ ತುಂಡುಗಳೆಲ್ಲ ನೀರಿನಲ್ಲೇ ಇದ್ದವು. ನೀರಿನ ಕೊಳೆಯನ್ನು ಡೈಕ್ರೋಮೇಟಿನಿಂದ ಅಳೆಯುವ ಸಿಒಡಿ ಅಷ್ಟಾಗಿ ಇಳಿಯಲಿಲ್ಲ. ಪೆರಾಕ್ಸೈಡ್ ಸಾಲದು ಅಂದುಕೊಂಡು ಹೆಚ್ಚಿಸಿದೆ. ಸಿಒಡಿ ಏರಿತು! ಲ್ಯಾಬ್ ಹುಡುಗನನ್ನು ಬೈದು ಇನ್ನಷ್ಟು ಸುರಿದೆ.

ಪಾಪ, ಅವನ ಟೈಟ್ರೇಶನ್ ಸರಿಯಾಗಿಯೇ ಇತ್ತು. ಉಳಿದ ಪೆರಾಕ್ಸೈಡ್ ಪರೀಕ್ಷೆಯ ಡೈಕ್ರೋಮೇಟನ್ನು ತಾನೇ ಕಬಳಿಸಿ, ಸಿಒಡಿಯ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಮೇಲಾಗಿ, ಅತಿಯಾದ ಪೆರಾಕ್ಸೈಡ್ ರಾಡಿಕಲ್‌ಗಳನ್ನೂ ತಿಂದುಹಾಕುತ್ತದೆ. ಸುಳಿವು ಕಣ್ಣೆದುರಿಗೇ ಇತ್ತು: ಆಮ್ಲ ತಗ್ಗಿಸಲು ಸುಣ್ಣ ಹಾಕಿದ ಮೇಲೆ ತಳಕ್ಕೆ ಕೂರಬೇಕಾದ ಕೆಂಗಂದು ಕೆಸರು ಗುಳ್ಳೆಗಳ ಸಮೇತ ಮೇಲೆದ್ದು ತೇಲುತ್ತಿತ್ತು. ಅದು ಪೆರಾಕ್ಸೈಡ್ ಒಡೆದು ಬಂದ ಆಮ್ಲಜನಕ. ನಾನು ಕೆಸರು ಕೂರಿಸುವ ಪಾಲಿಮರ್ ಕಳಪೆ ಅಂತ ಸಪ್ಲೈಯರ್‌ಗೆ ಫೋನ್ ಮಾಡಿದ್ದೆ.

ಪೆರಾಕ್ಸೈಡ್ ಉಳಿದಿದ್ದ ಆ ನೀರೇ ಏರೇಶನ್ ಟ್ಯಾಂಕಿಗೆ ಹೋಯಿತು. ಗಾಯ ತೊಳೆಯಲು ಬಳಸುವ ವಸ್ತು ಬ್ಯಾಕ್ಟೀರಿಯಾಕ್ಕೆ ಏನು ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ, ಆ ಹೊತ್ತಿಗೆ ಹೊಳೆಯಲಿಲ್ಲ. ಬಿಳಿ ನೊರೆ ಎದ್ದು ಗೋಡೆ ದಾಟಿತು, ಕೆಸರು ಬೂದಿ ಬಣ್ಣಕ್ಕೆ ತಿರುಗಿತು. ಸಗಣಿ ನೀರು ಹಾಕಿ, ಬೇರೆ ಕಡೆಯಿಂದ ಟ್ಯಾಂಕರಿನಲ್ಲಿ ಜೀವಂತ ಕೆಸರು ತರಿಸಿ ಮತ್ತೆ ಶುರುಮಾಡಬೇಕಾಯಿತು.

ಒಂದು ಗ್ರಾಂ ಸಿಒಡಿಗೆ ಲೆಕ್ಕದ ಪ್ರಕಾರ ಬೇಕಾದದ್ದು ಸುಮಾರು 2.1 ಗ್ರಾಂ ಪೆರಾಕ್ಸೈಡ್. ಈಗ ಜಾರ್ ಟೆಸ್ಟ್ ಅದಕ್ಕಿಂತ ಕೆಳಗಿನಿಂದಲೇ ಶುರು. ಪೂರ್ತಿ ಸುಡುವ ಹಟವಿಲ್ಲ, ಬ್ಯಾಕ್ಟೀರಿಯಾ ತಿನ್ನುವಷ್ಟು ಮುರಿದರೆ ಸಾಕು. ಸುಣ್ಣದ ನಂತರ ಪೆರಾಕ್ಸೈಡ್ ಪರೀಕ್ಷೆಯ ಪಟ್ಟಿ ಅದ್ದಿ, ಅದು ನೀಲಿಗೆ ತಿರುಗಿದರೆ ಏರೇಶನ್ ಟ್ಯಾಂಕಿನ ವಾಲ್ವ್ ಮುಚ್ಚುತ್ತೇವೆ. ಕಬ್ಬಿಣದ ಕೆಸರಿನ ಚೀಲಗಳು ಮಾತ್ರ ಶೆಡ್ಡಿನಲ್ಲಿ ಏರುತ್ತಲೇ ಇವೆ. ಅಪಾಯಕಾರಿ ತ್ಯಾಜ್ಯವಾದ್ದರಿಂದ ಟನ್ನಿನ ಲೆಕ್ಕದಲ್ಲಿ ದುಡ್ಡು ಕೊಟ್ಟೇ ಸಾಗಿಸಬೇಕು. ಮಾಲೀಕರಿಗೆ ನಾನು ಕೊಟ್ಟಿದ್ದ ಅಂದಾಜುಪಟ್ಟಿಯಲ್ಲಿ ಆ ಸಾಲೇ ಇರಲಿಲ್ಲ.