ಹೈಕ್ಳ ಜೊತೆ ಮೈಸೂರು ಅರಮನೆ

ಬೇಸ್ಗೆ ರಜ ಬಂದ್ರೆ ನಮ್ಮಟ್ಟಿ ಒಂದು ಸಂತೆ. ಮಗಳ ಮಕ್ಳು ಇಬ್ರು, ಒಂಬತ್ತು ವರ್ಷದ ಪುಟ್ಟಿ, ಏಳು ವರ್ಷದ ಗುಂಡ. ಜೊತೆಗೆ ನಮ್ ನಾದ್ನಿ ಮೊಮ್ಮಗಳು, ಐದು ವರ್ಷದ ಚಿನ್ನಿ. ಎರಡು ದಿನ ಮಾವಿನ ಮರ, ಮೂರನೇ ದಿನದಿಂದ ಮೊಬೈಲು. ಪುಟ್ಟಿ "ಅಜ್ಜಿ, ಅರಮನೆ ಯಾವತ್ತು ತೋರುಸ್ತೀಯ?" ಅಂತ ಹೋದ ವರ್ಷನೂ ಕೇಳಿದ್ಲು, ಈ ವರ್ಷನೂ ಕೇಳಿದ್ಲು.

ನಮ್ಮನೆಯವ್ರು "ಇಬ್ರು ಹೆಂಗಸ್ರು ಮೂರು ಮಕ್ಳ ಕಟ್ಕಂಡು ಅಲ್ಲೋಗಿ ಏನು ಮಾಡೀರಿ, ಭಾನ್ವಾರ ನಾನೇ ಕಾರು ಮಾಡ್ಸಿ ಕರ್ಕಂಡೋಗ್ತೀನಿ" ಅಂದ್ರು. ಆ ಭಾನ್ವಾರ ಮೂರು ವರ್ಷದಿಂದ ಬತ್ತಾನೇ ಐತೆ. ಅವರ ತಪ್ಪೂ ಅಲ್ಲ, ಕಬ್ಬು ಅಂತಾರೆ, ನೀರು ಅಂತಾರೆ, ಯಾರದೋ ತಿಥಿ ಅಂತಾರೆ. ಆದ್ರೆ ಗಂಡಸ್ರು ಕರ್ಕಂಡೋಗೋ ಮೈಸೂರು ನಿಮಗೂ ಗೊತ್ತಲ್ಲ. ಟೆಂಪೋದಲ್ಲಿ ಹದಿನೈದು ಜನ, ಒಂದೇ ದಿನ ಬೆಟ್ಟ, ಅರಮನೆ, ಜೂ, ಕಟ್ಟೆ ನಾಕೂ ಮುಗೀಬೇಕು. ನಾನು ಹಂಗೆ ಮೂರು ಸಲ ಹೋಗಿವ್ನಿ. ಅರಮನೆ ಒಳಗೆ ಏನು ನೋಡ್ದೆ ಅಂದ್ರೆ ಗ್ಯಾನ ಇಲ್ಲ, ಆಚೆ ಬಂದು ಚಪ್ಲಿ ಹುಡುಕಿದ್ದು ಮಾತ್ರ ಚೆನ್ನಾಗಿ ಗ್ಯಾನ ಐತೆ.

ಅದ್ಕೆ ಈ ಸಲ ನಾನು, ನಾದ್ನಿ ಇಬ್ರೇ ಹೊಂಟೊ. ಬರೀ ಅರಮನೆ, ಟೈಮು ಉಳಿದ್ರೆ ಜೂ ಅಂತ ಮೊದ್ಲೇ ಮಾತಾಡ್ಕಂಡೊ. ನಾದ್ನಿಗೆ ವಸಿ ಬೇಜಾರು. "ಅತ್ಗೆ, ಅಲ್ಲಿಗಂಟ ಹೋಗಿ ತಾಯಿ ದರ್ಶನ ಮಾಡ್ದೆ ಬರಾದಾ?" ಅಂದ್ಲು. ಬೆಟ್ಟ ಎಲ್ಗೂ ಓಡೋಗಲ್ಲ ಕಣವ್ವ, ಈ ಬಿಸ್ಲಲ್ಲಿ ಹೈಕ್ಳು ತಡ್ಕಳಲ್ಲ ಅಂತ ಸಮಾಧಾನ ಮಾಡ್ದೆ.

ರಾತ್ರಿನೇ ಹುರುಳಿಕಾಯಿ ಬಿಡ್ಸಿಟ್ಟು, ಬೆಳಗ್ಗೆ ಐದಕ್ಕೆ ಎದ್ದು ಚಿತ್ರಾನ್ನ, ಹುರುಳಿಕಾಯಿ ಪಲ್ಯ, ಮೊಸರನ್ನ ಕಟ್ಕಂಡು, ಆತಗೂರಿಂದ ಮದ್ದೂರಿಗೆ ಬಂದು ಮೈಸೂರು ಬಸ್ಸು ಹತ್ತಿದೊ. 2023ರ ಜೂನಿಂದ ಶಕ್ತಿ ಯೋಜನೆ ಬಂದ ಮೇಲೆ ನಮಗೆ ಟಿಕೇಟಿನ ಚಿಂತೆ ಇಲ್ಲ, ಆಧಾರ್ ಇದ್ರೆ ಸಾಕು. ಮಜ ಆಗಿದ್ದು ಗುಂಡನ್ದು. ಐದು ಜನರಲ್ಲಿ ದುಡ್ಡು ಕೊಡ್ಬೇಕಾಗಿದ್ದು ಅವನೊಬ್ನಿಗೇ, ಅರ್ಧ ಟಿಕೇಟು. ಕಂಡಕ್ಟರು "ಏನಪ್ಪ, ಇವರನ್ನೆಲ್ಲ ನೀನೇ ಕರ್ಕಂಡು ಹೊಂಟಿದ್ದೀಯಾ?" ಅಂದಿದ್ದೇ ತಡ, ಆ ಚೀಟಿ ಜೇಬಲ್ಲಿ ಇಟ್ಕಂಡು ಯಜಮಾನನ ಥರ ಕೂತ್ಕಂಡ.

ಸಬರ್ಬ್ ಬಸ್‌ಸ್ಟ್ಯಾಂಡಲ್ಲಿ ಇಳಿದ ತಕ್ಷಣ ಮೊದ್ಲು ಹೈಕ್ಳನ್ನ ಶೌಚಾಲಯಕ್ಕೆ ಕರ್ಕಂಡೋಗಿ. ಆಮೇಲೆ ಮುಂದಿನ ಮಾತು. ಪಟದಲ್ಲಿ ಕಾಣೋ ದೊಡ್ಡ ಜಯಮಾರ್ತಾಂಡ ಬಾಗ್ಲ ಕಡೆಯಿಂದ ನಮ್ಮನ್ನ ಒಳಗೆ ಬುಡಲ್ಲ. ದಕ್ಷಿಣದ ಕಡೆ ವರಾಹ ಬಾಗ್ಲಿಗೆ ಸುತ್ಕಂಡು ಹೋಗ್ಬೇಕು, ಟಿಕೇಟು ಅಲ್ಲೇ. ಹತ್ತು ಗಂಟೆಗೆ ಬಾಗ್ಲು ತೆಗೀತಾರೆ, ಆವಾಗ್ಲೇ ನುಗ್ಗಿ. ಚಪ್ಲಿ ಬುಟ್ಟು ನಡೀಬೇಕು, ಮಧ್ಯಾಹ್ನ ಆಯ್ತು ಅಂದ್ರೆ ಅಂಗಳದ ಕಲ್ಲು ಕಾದ ಹೆಂಚು.

ಒಳಗೆ ಹೋದ್ಮೇಲೆ ನಾನು ಒಂದೇ ಯೋಚ್ನೆ ಮಾಡಿದ್ದು, ಹೈಕ್ಳು ನಿಂತ ಕಡೆ ನಿಲ್ಲೋದು. ಕಲ್ಯಾಣ ಮಂಟಪದಲ್ಲಿ ಎಲ್ರೂ ತಲೆ ಎತ್ತಿ ಬಣ್ಣದ ಗಾಜಿನ ನವಿಲು ನೋಡಿ ಮುಂದಕ್ಕೋದ್ರು. ಆ ಕಬ್ಬಿಣದ ಕಂಬ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಹಡಗಲ್ಲಿ ಬಂದವಂತೆ ಅಂದ್ರೂ ಹೈಕ್ಳಿಗೆ ಬೇಕಾಗ್ಲಿಲ್ಲ. ಅವ್ರು ಕಚ್ಕಂಡಿದ್ದು ಗೋಡೆ ಮೇಲಿನ ದಸರಾ ಮೆರವಣಿಗೆ ಚಿತ್ರಗಳ್ನ. ಚಿನ್ನಿ ಆನೆ ಎಣ್ಸಕ್ಕೆ ಶುರು ಮಾಡಿದ್ಲು, ಗುಂಡ ಕುದ್ರೆ. ಒಬ್ಬೊಬ್ಬ ಮನ್ಷನ ಮೊಕನೂ ಬೇರೆ ಬೇರೆ ಬರ್ದವ್ರೆ ಕಣ್ರವ್ವ, ನಮ್ಮೂರ ಹಬ್ಬದಲ್ಲಿ ನಿಂತಿರೋ ಜನದ ಹಂಗೇ. ಹಿಂದಿಂದ ಜನ ತಳ್ತಿದ್ರು, ನಾವು ಗೋಡೆ ಪಕ್ಕ ಒತ್ತರಿಸ್ಕಂಡು ನಿಂತೇ ಇದ್ದೊ. ಟೆಂಪೋ ಡ್ರೈವರು ಆಚೆ ಹಾರನ್ ಮಾಡ್ತಾನೆ ಅನ್ನೋ ಭಯ ಇರ್ಲಿಲ್ಲವಲ್ಲ.

ಪುಟ್ಟಿ ಮಾತ್ರ ಲೆಕ್ಕ ಹಾಕ್ತಿರಲಿಲ್ಲ. "ಅಜ್ಜಿ, ಈ ಮನೆ ಕಟ್ಟಿದ್ಯಾರು?" ಅಂದ್ಲು. ಪಕ್ಕದಲ್ಲಿದ್ದ ಯಾರೋ "ಮಹಾರಾಜ್ರು ಪುಟ್ಟಾ" ಅಂದ್ರು. ನಾನು ಪಿಯುಸಿಲಿ ಇತಿಹಾಸ ಓದಿದ್ದು ಅವತ್ತು ಉಪಯೋಗಕ್ಕೆ ಬಂತು. ಹಳೇ ಅರಮನೆ ಮರದ್ದು. 1897ರಲ್ಲಿ ದೊಡ್ಡ ರಾಜಕುಮಾರಿ ಜಯಲಕ್ಷಮ್ಮಣ್ಣಿ ಮದುವೆ ಸಮಯದಲ್ಲೇ ಬೆಂಕಿ ಬಿದ್ದು ಸುಟ್ಟೋಯ್ತು. ಆವಾಗ ಚಾಮರಾಜ ಒಡೆಯರು ಇರ್ಲಿಲ್ಲ, 1894ರಲ್ಲೇ ಕಲ್ಕತ್ತಾದಲ್ಲಿ ತೀರ್ಕಂಡಿದ್ರು. ಮಗ ನಾಲ್ವಡಿ ಕೃಷ್ಣರಾಜರು ಇನ್ನೂ ಚಿಕ್ಕ ಹುಡುಗ. ರಾಜ್ಯ ನೋಡ್ಕತಿದ್ದವ್ರು ಅವರಮ್ಮ, ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವ್ರು. ಗಂಡ ಇಲ್ಲ, ಸಣ್ಣ ಮಕ್ಳು, ಮಗಳ ಮದುವೆ ಹೊತ್ತಲ್ಲಿ ಮನೆ ಬೂದಿ. ಆ ತಾಯಿ ಹೆನ್ರಿ ಇರ್ವಿನ್ ಅನ್ನೋ ಇಂಜಿನಿಯರಿಗೆ ಹೇಳಿ ಹೊಸದು ಶುರು ಮಾಡಿಸಿದ್ರು, 1912ರಲ್ಲಿ ಮುಗೀತು. ಬೆಂಗ್ಳೂರಿನ ವಾಣಿವಿಲಾಸ ಆಸ್ಪತ್ರೆ, ಹಿರಿಯೂರ ಹತ್ರದ ವಾಣಿವಿಲಾಸ ಸಾಗರ, ಎಲ್ಲ ಅವರ ಹೆಸ್ರೇ. ನಮ್ಮಲ್ಲಿ ಎಷ್ಟು ಜನ ಆ ಆಸ್ಪತ್ರೆಲಿ ಹೆತ್ತಿಲ್ಲ, ಆ ಹೆಸ್ರು ಯಾರ್ದು ಅಂತ ಯಾವತ್ತಾದ್ರೂ ಕೇಳಿದ್ದೀವಾ?

"ಮದುವೆ ಮನೆ ಸುಟ್ಟೋದ ರಾಜಕುಮಾರಿಗೆ ತಂಗಿ ಇದ್ಲಾ?" ಅಂದ್ಲು ಪುಟ್ಟಿ. ಇದ್ರು, ಕೃಷ್ಣಾಜಮ್ಮಣ್ಣಿ ಅಂತ, ಕ್ಷಯ ಬಂದು ತೀರೋದ್ರು, ಅವರ ಹೆಸ್ರಲ್ಲೇ ಮೈಸೂರಲ್ಲಿ ಕ್ಷಯದ ಆಸ್ಪತ್ರೆ ಐತೆ ಅಂದೆ. ಅಂದವಳು ಅಲ್ಲೇ ಸುಮ್ಕಾಗ್ಬುಟ್ಟೆ.

ಯಾಕಂದ್ರೆ ನನ್ ಮೈಸೂರು ಶುರು ಆಗಿದ್ದೇ ಆ ಆಸ್ಪತ್ರೆಯಿಂದ. ನಾನು ಪುಟ್ಟಿಯಷ್ಟೇ ಇದ್ದಾಗ ನಮ್ಮಪ್ಪನ್ನ ಅಲ್ಲಿ ಸೇರಿಸಿದ್ರು, ಕೆ.ಆರ್.ಎಸ್. ರಸ್ತೆಲಿ. ಅವ್ವ ಹದಿನೈದು ದಿನಕ್ಕೊಂದು ಸಲ ಮುದ್ದೆ, ಮೊಟ್ಟೆ, ಬಟ್ಟೆ ತಕ್ಕಂಡು ನನ್ನ ಕೈ ಹಿಡ್ಕಂಡು ಹೋಗ್ತಿದ್ಲು. ಒಂದು ಬಸ್‌ಸ್ಟ್ಯಾಂಡಿಂದ ಸಿಟಿ ಬಸ್ಸಿನ ಕಡೆ ನಡೀವಾಗ ಅರಮನೆ ಗೋಡೆ ಪಕ್ಕದಲ್ಲೇ ಹಾದಿ. ಗೋಪುರ ಕಾಣದು. ನಾನು ನಿಂತ್ರೆ ಅವ್ವ "ಅಪ್ಪಂಗೆ ವಾಸಿಯಾಗ್ಲಿ ಕಣವ್ವ, ಅವನೇ ತೋರುಸ್ತಾನೆ" ಅಂತ ಎಳ್ಕಂಡೋಗ್ತಿದ್ಲು. ಅಪ್ಪಂಗೆ ವಾಸಿಯಾಯ್ತು, ಆಮೇಲೂ ಸುಮಾರು ವರ್ಷ ಬದುಕಿದ್ದ. ಆದ್ರೆ ಮೈಸೂರು ಅಂದ್ರೆ ಎದ್ದು ಆಚೆ ಹೋಗೋನು. ಅವ್ವ ಅರಮನೆ ಒಳಗೆ ಕಾಲಿಡ್ದೆ ಹೋದ್ಲು. ಹತ್ತಾರು ಸಲ ಆ ಗೋಡೆ ಪಕ್ಕ ನಡೆದವಳು.

"ರಾಜಕುಮಾರಿಗೆ ಔಷಧಿ ಇರ್ಲಿಲ್ವಾ?" ಅಂತ ಪುಟ್ಟಿ ನನ್ ಮೊಕ ನೋಡಿದ್ಲು. ಆ ಕಾಲಕ್ಕೆ ಇರ್ಲಿಲ್ಲ, ನಿಮ್ಮ ಮುತ್ತಾತನ ಕಾಲಕ್ಕೆ ಬಂದಿತ್ತು, ಅದ್ಕೇ ಅವ್ರು ಉಳ್ಕಂಡ್ರು ಅಂದೆ. ಅವಳಿಗೆ ಅಷ್ಟು ಸಾಕಾಯ್ತು. ನಾದ್ನಿ ಮಾತಾಡ್ದೆ ನನ್ ಕೈಯಿಂದ ಊಟದ ಚೀಲ ಇಸ್ಕಂಡ್ಲು.

ದರ್ಬಾರು ಹಾಲಿನ ಕಂಬದ ಸಾಲಲ್ಲಿ ಗಾಳಿ ಚೆನ್ನಾಗಿ ಬತ್ತದೆ, ಅಲ್ಲಿ ವಸಿ ನಿಂತು ಸುಧಾರಿಸ್ಕಂಡೊ. ಅಂಬಾರಿ 750 ಕೇಜಿ ಅಂದಾಗ ಗುಂಡ ಲೆಕ್ಕ ಹಾಕಿ "ನಮ್ ಹಸು ಎರಡಾಗುತ್ತೆ ಅಜ್ಜಿ" ಅಂದ. ಎಂಟು ಆನೆ ಎಣಿಸಿದ್ದ ಚಿನ್ನಿ ಆ ಹೊತ್ತಿಗೆ ನಾದ್ನಿ ಹೆಗಲ ಮೇಲೆ ನಿದ್ದೆ.

ಊಟ ಮಾಡಿ ಆಟೋದಲ್ಲಿ ಜೂಗೆ ಹೋದೊ. 1892ರಲ್ಲಿ ಶುರುವಾದ ಜೂ ಅದು, ಮಂಗಳವಾರ ರಜ, ನೆನಪಿರ್ಲಿ. ಜಿರಾಫೆ ನೋಡಿದ್ದು ಬುಟ್ರೆ ಅರ್ಧಕ್ಕೇ ವಾಪಸ್ ಬಂದೊ, ನಮ್ಮ ಮಂಡಿ ಒಪ್ಪಲಿಲ್ಲ. ಕತ್ತಲಾಗೋ ಮುಂಚೆ ಮದ್ದೂರು ಸೇರ್ಬೇಕು ಅಂತ ನಾಕು ಗಂಟೆ ಬಸ್ಸೇ ಹಿಡಿದೊ. ಭಾನ್ವಾರ ಸಂಜೆ ಅರಮನೆ ದೀಪ ಹಾಕ್ತಾರೆ, ಅದು ಬೇಕು ಅಂದ್ರೆ ಮೈಸೂರಲ್ಲಿ ನೆಂಟರ ಮನೆ ಇರ್ಬೇಕು.

ಮನೆಗೆ ಬಂದ್ರೆ ನಮ್ಮನೆಯವ್ರು ಜಗುಲಿ ಮೇಲೇ ಕೂತಿದ್ರು, ಕಾಫಿ ತಾವೇ ಕಾಸ್ಕಂಡಿದ್ರು. ಗುಂಡ ಅರಮನೆ ವಿಷ್ಯ ಎತ್ತಲಿಲ್ಲ. ಜೇಬಿಂದ ಎರಡು ಅರ್ಧ ಟಿಕೇಟು ತೆಗ್ದು "ತಾತ, ಇವರೆಲ್ರನ್ನೂ ನಾನೇ ಕರ್ಕಂಡು ಬಂದೆ" ಅಂದ. ಅವ್ರು ನನ್ ಕಡೆ ನೋಡಿ ನಕ್ಕರು.

ದಸರಾ ರಜಕ್ಕೆ ಶ್ರೀರಂಗಪಟ್ಟಣ ಅಂತ ಮಾತಾಡ್ಕಂಡಿದ್ದೀವಿ. ದರಿಯಾ ದೌಲತ್ತು, ರಂಗನಾಥನ ಗುಡಿ, ಎರಡೇ. ಬರೋರು ನಾದ್ನಿಗೆ ಹೇಳಿ, ಚಿತ್ರಾನ್ನ ನಂದು, ಬುರುಗು, ನಿಪ್ಪಟ್ಟು ನಿಮ್ದು.